ಮದ್ದಿನ ವಾಲ್ವು

"ನೊರೆ ತೆಳುವಾಗಿದೆ. ಎರಡು ಸುತ್ತು ತಿರುಗಿಸಿಬಿಡ್ಲಾ?" ಮಾವನ ಕೈ ಆಗಲೇ ಮದ್ದಿನ ವಾಲ್ವಿನ ಮೇಲಿತ್ತು.

"ಬೇಡ ಮಾವ," ಎಂದಳು ಸೊಸೆ, ಮೀಟರಿನಿಂದ ಕಣ್ಣು ಕೀಳದೆ.

ಮನೆಯಲ್ಲಿ ಮಾವ, ಇಲ್ಲಿ ನೊರೆತೊಟ್ಟಿಗಳ ಮೇಸ್ತ್ರಿ. ಅವಳು ಅದೇ ತಾಮ್ರದ ಅದಿರಿನ ಕಾರ್ಖಾನೆಯ ಕೆಮಿಸ್ಟು. ಅದಿರಿನ ಪುಡಿ ಕೆಸರಾಗಿ ಬಂದಾಗ ಮದ್ದು, ಅಂದರೆ ತೊಟ್ಟಿಗೆ ಬಿಡುವ ರಾಸಾಯನಿಕ, ಅಂಟಿದ ತಾಮ್ರದ ಕಣಗಳು ಗುಳ್ಳೆ ಹತ್ತಿ ಮೇಲೇರಬೇಕು, ಕಬ್ಬಿಣದ ಖನಿಜ ತಳದಲ್ಲೇ ಉಳಿಯಬೇಕು. ನೊರೆ ತೆಳುವಾದರೆ ಮದ್ದು ಜಾಸ್ತಿ ಬಿಡುವುದು ಮೇಸ್ತ್ರಿಯ ರೂಢಿ. ಆಗ ಕಬ್ಬಿಣವೂ ಕರೆಯದೆ ಬಂದ ನೆಂಟನ ಹಾಗೆ ಜೊತೆಗೆ ಹತ್ತಿಕೊಳ್ಳುತ್ತಿತ್ತು. ಕಬ್ಬಿಣ ಜಾಸ್ತಿಯೆಂದು ತಾಮ್ರ ಕರಗಿಸುವ ಕಾರ್ಖಾನೆಯವರು ಮಾಲನ್ನು ವಾಪಸ್ ಕಳಿಸಿದ್ದರು. ಮದ್ದು ಸಾಕು, ಮೊದಲು ಗಾಳಿ ಕೊಡೋಣ ಎಂದು ಹಟ ಹಿಡಿದು ನೊರೆತೊಟ್ಟಿಗಳಿಗಿಂತ ಮುಂಚೆ ಕೆಸರಿಗೆ ಗಾಳಿ ಊದುವ ಗಾಳಿತೊಟ್ಟಿ ಕೂರಿಸಿದವಳು ಅವಳೇ. ಇವತ್ತು ಸೋತರೆ ಮ್ಯಾನೇಜರು ಅದನ್ನು ಕಿತ್ತು ಹಾಕಿಸುತ್ತಾರೆ. ಆಮೇಲೆ ಅವಳ ಮಾತಿಗೆ ಇಲ್ಲಿ ಮೂರು ಕಾಸಿನ ಬೆಲೆಯೂ ಇರುವುದಿಲ್ಲ.

"ಅದಿರು ಅರೆಯೋ ಗಿರಣಿಯ ಉಕ್ಕಿನ ಗುಂಡುಗಳು ನೀರಿನ ಆಮ್ಲಜನಕಾನೆಲ್ಲ ತಿಂದು ಹಾಕ್ತವೆ ಮಾವ. ಆಮ್ಲಜನಕ ಎಲೆಕ್ಟ್ರಾನ್ ಕಿತ್ಕೊಂಡ್ರೆ ತಾನೇ ತಾಮ್ರಕ್ಕೆ ಮದ್ದು ಅಂಟೋದು?"

"ಸರೀನಮ್ಮ. ಆದ್ರೆ ನಿನ್ನ ಮುಳ್ಳು ಅಲ್ಲಾಡ್ತಾನೇ ಇಲ್ವಲ್ಲ!"

ನಿಜ. ಗಾಳಿ ಬಿಟ್ಟು ಇಷ್ಟು ಹೊತ್ತಾದರೂ, ಆಮ್ಲಜನಕದ ಕೆಲಸ ಎಷ್ಟಾಯಿತೆಂದು ತೋರಿಸಬೇಕಾದ ಮೀಟರಿನ ಮುಳ್ಳು ಕೆಳಗೇ ಕೂತಿತ್ತು. ಗಾಳಿತೊಟ್ಟಿಯಿಂದ ಮೀಟರಿನ ಅಳತೆಯ ಕಡ್ಡಿ ಎತ್ತಿ ನೋಡಿದಳು. ಪ್ಲಾಟಿನಂ ತುದಿ ಮಿರಮಿರ ಮಿಂಚುತ್ತಿತ್ತು. ಮೂಗಿನ ಬಳಿ ಹಿಡಿದರೆ ಗ್ರೀಸಿನ ವಾಸನೆ. ಜಿಡ್ಡು ಮೆತ್ತಿದ ತುದಿಗೆ ಕೆಸರು ತಾಕುತ್ತಲೇ ಇರಲಿಲ್ಲ.

"ಇದನ್ನ ಯಾರು ಒರೆಸಿದ್ದು?"

"ನಾನೇ. ಸೊಸೆ ಸಾಮಾನು ಗಲೀಜಾಗಿರಬಾರದು ಅಂತ, ಬೆಳಿಗ್ಗೆ." ಹೆಗಲ ಮೇಲಿನ ಬಟ್ಟೆ ತೋರಿಸಿದರು. ಮೋಟರು ಒರೆಸುವ ಬಟ್ಟೆ.

ಅವಳಿಗೆ ನಗು ಉಕ್ಕಿತು, ಜೊತೆಗೆ ಕಣ್ಣೂ ತುಂಬಿತು. ತುದಿಯನ್ನು ಚೆನ್ನಾಗಿ ತಿಕ್ಕಿ ತೊಳೆದು ಮತ್ತೆ ಇಳಿಸಿದಳು. ಮುಳ್ಳು ಸರಸರನೆ ಎದ್ದು ಬೇಕಾದ ಗುರುತಿನಲ್ಲಿ ನಿಂತಿತು.

"ಗಾಳಿ ತನ್ನ ಕೆಲಸ ಮಾಡಿದೆ ಮಾವ. ಆ ಕೆಸರು ಈ ನೊರೆತೊಟ್ಟಿ ತನಕ ಹರಿದು ಬರಲಿ, ತಡೀರಿ."

ಮಾವನ ಕೈ ಮತ್ತೆ ವಾಲ್ವಿನತ್ತ ಹೋಯಿತು. ತಮ್ಮ ಕೈಯನ್ನು ತಾವೇ ದುರುಗುಟ್ಟಿ ನೋಡಿಕೊಂಡರು. "ಇದು ಸುಮ್ನಿರೋ ಜಾತಿ ಅಲ್ಲ," ಎಂದು ಸ್ಪ್ಯಾನರ್ ತೆಗೆದು, ವಾಲ್ವಿನ ಚಕ್ರವನ್ನೇ ಬಿಚ್ಚಿ ಅವಳ ಕೈಗಿಟ್ಟರು. "ಇಟ್ಕೋ. ನಾನು ಕೇಳಿದ್ರೂ ಕೊಡಬೇಡ."

ಅವಳು ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಇಬ್ಬರೂ ಕಟಕಟೆ ಹಿಡಿದು ನಿಂತರು. ಕೊನೆಗೆ ನೊರೆ ದಪ್ಪವಾಗಿ, ಹಿತ್ತಾಳೆ ಬಣ್ಣಕ್ಕೆ ತಿರುಗಿ, ತೊಟ್ಟಿಯ ಅಂಚು ದಾಟಿ ಉಕ್ಕತೊಡಗಿತು. ಲ್ಯಾಬಿನಿಂದ ಫೋನು ಬಂತು: ಕಬ್ಬಿಣ ಕಮ್ಮಿ, ಮಾಲು ಕಳಿಸಬಹುದು.

ಸಂಜೆ ಮನೆಯಲ್ಲಿ ಅತ್ತೆ ಊಟದ ಡಬ್ಬಿ ತೊಳೆಯಲು ಚೀಲಕ್ಕೆ ಕೈ ಹಾಕಿದರು. "ಇದೇನೇ ಇದು, ಡಬ್ಬಿ ಜೊತೆ ಕಬ್ಬಿಣ?"

"ಅವಳದು," ಎಂದರು ಮಾವ, ಟೀ ಲೋಟದಿಂದ ತಲೆಯೆತ್ತದೆ. "ಜೋಪಾನ."

ಅತ್ತೆ ಚಕ್ರವನ್ನು ಉಜ್ಜಿ ತೊಳೆದು, ಲೋಟಗಳ ಪಕ್ಕದಲ್ಲಿ ನೀರಿಳಿಯಲು ಬೋರಲು ಹಾಕಿದರು.