ಚಾಕಿ ವ್ಯಾನಿಗೆ ಯಾವ ಗ್ಯಾಸು

ಸಾದಲಿಯಲ್ಲಿ ಮರಿಹುಳು ಸಾಕುವ ಅನಸೂಯಮ್ಮನ ಚಾಕಿ ಕೇಂದ್ರದಿಂದ, ಎರಡನೇ ಜ್ವರದಿಂದ ಎದ್ದು ಪೊರೆ ಬಿಟ್ಟ ರೇಷ್ಮೆ ಮರಿಹುಳುಗಳು ಊರೂರಿಗೆ ಹೋಗುತ್ತವೆ. ದಾರಿಯಲ್ಲಿ ಇಪ್ಪತ್ತಾರು ಡಿಗ್ರಿ ತಪ್ಪಬಾರದು. ಅದಕ್ಕೆಂದೇ ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ತನುಜ ಬ್ಯಾಟರಿ ವ್ಯಾನೊಂದಕ್ಕೆ ಹೀಟ್ ಪಂಪ್ ಕೂರಿಸಲು ಒಪ್ಪಿಕೊಂಡಿದ್ದಳು. ಚಳಿಗೆ ಬಿಸಿ, ಬೇಸಿಗೆಗೆ ತಂಪು, ಎರಡನ್ನೂ ಅದೇ ಕೊಡುತ್ತದೆ. ಅದರೊಳಗೆ ಓಡುವ ಗ್ಯಾಸು ಯಾವುದೆಂದು ಸೋಮವಾರದೊಳಗೆ ತೀರ್ಮಾನ ಆಗಬೇಕು. ಒಂದೊಂದಕ್ಕೂ ಪೈಪು, ಕಂಪ್ರೆಸರ್ ಬೇರೆ. ಒಂದು ಸಲ ಹುಳ ಕೆಟ್ಟರೆ ಮತ್ತೆ ಯಾರೂ ತನುಜ ಮಾಡಿಕೊಟ್ಟ ವ್ಯಾನಿನ ಕಡೆ ತಿರುಗಿ ನೋಡುವುದಿಲ್ಲ.

ವಾತಾವರಣವನ್ನು ವಿಪರೀತ ಕಾಯಿಸುವ ಹಳೆಯ ಗ್ಯಾಸನ್ನು ಅವಳು ಮೊದಲೇ ಬಿಟ್ಟಿದ್ದಳು. ಉಳಿದ ಮೂರನ್ನೂ ಓಡಿಸಿ ನೋಡಿದಳು. ಹೊಸ ಕಾರುಗಳ ಗ್ಯಾಸಿನಿಂದ ಆ ಕೇಡಿಲ್ಲ, ಆದರೆ ಸೋರಿದ್ದು ಗಾಳಿಯಲ್ಲಿ ಒಡೆದು ಆಗುವ ಆಮ್ಲ ಮಳೆನೀರಿಗೆ ಸೇರಿದರೆ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಕಾರ್ಬನ್ ಡೈಆಕ್ಸೈಡು ಡಿಸೆಂಬರಿನ ಚಳಿಯಲ್ಲಿ ಎಲ್ಲಕ್ಕಿಂತ ಬೇಗ ಬಿಸಿ ಕೊಟ್ಟಿತು. ಒತ್ತಡ ಜಾಸ್ತಿ, ಏಪ್ರಿಲ್ ಬಿಸಿಲಿಗೆ ಬ್ಯಾಟರಿಯನ್ನೂ ತಿಂದುಹಾಕುತ್ತದೆ. ಪ್ರೊಪೇನ್ ಎರಡೂ ಕಾಲಕ್ಕೆ ಕಡಿಮೆ ಕರೆಂಟಿನಲ್ಲಿ ನಡೆಯುತ್ತದೆ. ಬೆಂಕಿ ಹತ್ತುವ ಗ್ಯಾಸು, ನಿಜ. ಸೋರಿಕೆ ಹಿಡಿಯುವ ಸೆನ್ಸರ್ ಇಟ್ಟರಾಯಿತು ಎಂದು ತನುಜ ಅದನ್ನೇ ಗಟ್ಟಿಮಾಡಿಕೊಂಡಳು.

ಶನಿವಾರ ಬೆಳಗಿನ ಜಾವ, ಹೀಟ್ ಪಂಪಿಗೆ ಪ್ರೊಪೇನ್ ತುಂಬಿದ ವ್ಯಾನು ಪರೀಕ್ಷೆಗೆಂದು ಸಾದಲಿಗೆ ಬಂತು. ತನುಜ ಕಾಫಿ ಕುಡಿದು ಹೊರಬರುವಷ್ಟರಲ್ಲಿ ಹುಳದ ತಟ್ಟೆಗಳು ಒಳಗೆ ಏರಿದ್ದವು. ಅವುಗಳ ನಡುವೆ, ಹುಳದ ಮನೆಯಲ್ಲಿ ಇಡುವ ಹಾಗೆಯೇ, ಹೊಗೆ ಹೋದ ಇದ್ದಿಲ ಕೆಂಡದ ಬಾಂಡ್ಲಿ.

ತನುಜ ಗೋಣಿಚೀಲ ಸುತ್ತಿ ಅದನ್ನು ಹೊರಗೆಳೆದು ಅನಸೂಯಮ್ಮನ ಕಡೆ ತಿರುಗಿದಳು.

"ಈ ಗ್ಯಾಸು ಹತ್ಕೊಳ್ಳೋದು ಅಂತ ಹೇಳಿದ್ನಲ್ಲಮ್ಮ."

"ಹೇಳಿದ್ಯಮ್ಮ. ನಿನ್ನ ಮಿಷನ್ನು ಕಾಯೋವರ್ಗೂ ಹುಳ ನಡುಗ್ತಾ ಕೂತಿರ್ಬೇಕಾ? ಮೂವತ್ತು ವರ್ಷದ ಕೈ, ಅದರ ಪಾಡಿಗೆ ಅದು ಇಡುತ್ತೆ."

ಬೋರ್ಡ್ ಹಾಕಿಸುತ್ತೇನೆ ಎಂದಳು ತನುಜ. ಬೋರ್ಡ್ ಓದಿಕೊಂಡೇ ಕೆಂಡ ಇಡುವ ಜನ ನಾವು ಎಂದು ಅನಸೂಯಮ್ಮ ನಕ್ಕರು. ಇಳಿಸಿಕೊಳ್ಳುವ ರೈತರೂ ಅದನ್ನೇ ಮಾಡುತ್ತಾರೆ, ಎಷ್ಟು ಜನರಿಗೆ ಹೇಳುತ್ತೀಯ ಎಂದು ಕೇಳಿದರು.

ತನುಜ ಬಾಂಡ್ಲಿಯನ್ನು ವ್ಯಾನಿನಿಂದ ಇನ್ನಷ್ಟು ದೂರ ಸರಿಸಿದಳು. ಇನ್ನೊಂದು ಗ್ಯಾಸಿದೆ, ಉರಿಯುವುದಿಲ್ಲ, ಚಳಿಗೆ ಇದಕ್ಕಿಂತ ಬೇಗ ಕಾಯುತ್ತದೆ, ಆದರೆ ಏಪ್ರಿಲ್‌ನಲ್ಲಿ ಬಿಸಿಲೇರುವ ಮೊದಲೇ ವ್ಯಾನು ವಾಪಸ್ಸಾಗಬೇಕು ಎಂದಳು.

"ಅಂದ್ರೆ ಎಷ್ಟೊತ್ತಿಗೆ ಹೊರಡ್ಬೇಕು?"

"ನಾಲ್ಕಕ್ಕೆ."

"ಮೂರಕ್ಕೆ ಏಳ್ತೀನಿ ಬಿಡು. ಅದಾದ್ರೆ ಆಗುತ್ತೆ. ಕೆಂಡ ಮರೆಯೋದು ಆಗಲ್ಲ ಕಣಮ್ಮ."

ಸೋಮವಾರ ತನುಜ ಕಾರ್ಬನ್ ಡೈಆಕ್ಸೈಡಿನ ಒತ್ತಡ ತಡೆಯುವ ಪೈಪುಗಳಿಗೆ ಆರ್ಡರ್ ಕೊಟ್ಟಳು. ಪ್ರೊಪೇನಿನ ಯಂತ್ರ ಬಿಚ್ಚಲು ಮನಸ್ಸೇ ಬರಲಿಲ್ಲ. ಅಷ್ಟು ಚೆನ್ನಾಗಿ ಓಡಿತ್ತು.