ಮೇಸ್ತ್ರಿಯ ನಾಯಕತ್ವ

"ಕಣ್ಣೇನು ಹಣೆ ಮೇಲಿಟ್ಕೊಂಡಿದ್ಯಾ? ಆಸ್ಪತ್ರೆಯ ಬಿಳಿ ಬೆಡ್‌ಶೀಟೆಲ್ಲ ಗುಲಾಬಿ ಮಾಡಿಬಿಟ್ಯಲ್ಲ!" ಲಾಂಡ್ರಿ ಮೇಸ್ತ್ರಿ ಕೂಗಾಡುತ್ತಿದ್ದ.

"ಬಾಯಿಗೆ ಬಂದಂಗೆ ಮಾತಾಡ್ಬೇಡಿ. ಬೆಳಿಗ್ಗೆ ಈ ಮೆಷಿನ್ ತುಂಬಿದ್ದು ನೀವು," ಎಂದಳು ಒಗೆಯುವ ಹೆಂಗಸು. ಅವನಿಗಿಂತ ವಯಸ್ಸಿನಲ್ಲಿ ದೊಡ್ಡವಳು. ಒದ್ದೆ ರಾಶಿಯೊಳಗೆ ಕೈ ಹಾಕಿ ಒಂದು ಕೆಂಪು ಕರ್ಚೀಫು ಎಳೆದಳು. ಅದು ಅವನದೇ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಕಂಪನಿಯ ಖರ್ಚಿನಲ್ಲಿ ನಾಯಕತ್ವದ ಕೋರ್ಸ್ ಓದಲು ಮೇಸ್ತ್ರಿ ಅರ್ಜಿ ಹಾಕಿದ್ದ. ಕೆಲಸದವರನ್ನು ಅವನು ಹೇಗೆ ನಡೆಸಿಕೊಳ್ಳುತ್ತಾನೆಂದು ನೋಡಲು ಮ್ಯಾನೇಜರಮ್ಮ ಬಂದಿದ್ದರು.

"ಏನಿದು ಗಲಾಟೆ? ಯಾರ ತಪ್ಪು?"

ಮೇಸ್ತ್ರಿ ಬಾಯಿ ತೆರೆಯಲಿಲ್ಲ. ಹೆಂಗಸು ಅವನ ಮುಖವನ್ನೇ ನೋಡುತ್ತಾ ಕಾದಳು. ಆಮೇಲೆ ಕರ್ಚೀಫನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ನಂದೇ ಅಮ್ಮ," ಎಂದಳು.

ಮ್ಯಾನೇಜರಮ್ಮ ತಲೆಯಾಡಿಸಿದರು. "ತಪ್ಪು ಒಪ್ಕೊಳ್ಳೋ ಹಾಗೆ ಜನರನ್ನ ತಯಾರು ಮಾಡಿದ್ದೀರಿ, ಮೇಸ್ತ್ರಿ. ಕೋರ್ಸಿಗೆ ನಿಮ್ಮ ಹೆಸರನ್ನೇ ಕಳಿಸ್ತೀನಿ."

ಅವರು ಹೋದ ಮೇಲೂ ಆ ಹೊಗಳಿಕೆ ಕೆನ್ನೆಗೆ ಬಾರಿಸಿದಂತೆ ಉರಿಯುತ್ತಿತ್ತು. "ಅಕ್ಕಾ," ಎಂದ ಅವನು, ಮೊದಲ ಸಲ. "ಯಾಕೆ ಹಾಗೆ ಹೇಳಿದ್ರಿ?"

"ನೀವು ಬಾಯಿ ಬಿಡ್ತೀರೇನೋ ಅಂತ ಕಾದೆ, ಬಿಡ್ಲಿಲ್ಲ. ಹೋಗಿ ಓದ್ಕೊಂಡು ಬನ್ನಿ, ಅಲ್ಲೀತನಕ ಈ ಇಸ್ತ್ರಿ ಮಾಡೋರಾದ್ರೂ ಉಸಿರಾಡ್ಲಿ. ನನ್ನ ಕೈಲಿ ಇನ್ನು ಆಗಲ್ಲ."

ಏಪ್ರನ್ ಬಿಚ್ಚಿ ಗೂಟಕ್ಕೆ ನೇತುಹಾಕಿದಳು. ಇಸ್ತ್ರಿ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿ ಮೇಸ್ತ್ರಿಯನ್ನು ನೋಡಿದರು. ಮ್ಯಾನೇಜರಮ್ಮನ ಕೋಣೆ ಮೆಟ್ಟಿಲು ಹತ್ತಿದರೆ ಸಿಗುತ್ತಿತ್ತು. ಹೋಗಿ ನಿಜ ಹೇಳಲು ಅವನಿಗೆ ಕಾಲೇಳಲಿಲ್ಲ. ಹಿಂಬಾಗಿಲಿನಿಂದ ಹೊರಟ ಆಕೆ ಮರಳಿ ಬರಲೇ ಇಲ್ಲ.