ಷಡ್ಡಕನ ಕ್ಯಾಮೆರಾ, ನನ್ನ ಕಾಟ್ಲಾ

ಮಹೇಶನ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ. ಇದನ್ನು ಸುತ್ತಿ ಬಳಸಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಅವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿ ಪ್ರೇಮಾಳ ತಂಗಿ ವೇದಾಳ ಗಂಡ. ಅಹಮದಾಬಾದಿನಲ್ಲಿ ಬಾಹ್ಯಾಕಾಶ ಸಂಸ್ಥೆಯೊಂದರ ವಿಜ್ಞಾನಿ. ನಾನು ಚಂದ್ರಕಾಂತ, ಬ್ಯಾಂಕಿನವನು. ಅದೇ ಊರಿನ ವಟ್ವಾ ಶಾಖೆಯಲ್ಲಿ ಬಣ್ಣದ ಕಾರ್ಖಾನೆಗಳ ಹೊಗೆ ಕುಡಿದು, ಈಗ ಸೂರತ್ತಿಗೆ ವರ್ಗವಾಗಿ ಅಡಾಜಣ್‌ನ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಅವನು ಎತ್ತರ, ನಾನು ಗಿಡ್ಡ. ಅವನ ತಲೆಯಲ್ಲಿ ಇನ್ನೂ ಕೂದಲಿದೆ. ಇಷ್ಟನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಮೀನಿನ ವಿಷಯಕ್ಕೆ ಬಂದಾಗ ಮಾತ್ರ ಆಗಲಿಲ್ಲ.

ಮೀನು ಹಿಡಿಯುವುದರಲ್ಲಿ ನಮ್ಮ ಕುಟುಂಬದಲ್ಲಿ ನನ್ನನ್ನು ಮೀರಿಸುವವರಿಲ್ಲ. ಗಂಗೊಳ್ಳಿಯಲ್ಲಿ ಹುಟ್ಟಿದವನಿಗೆ ಯಾರೂ ಕಲಿಸಬೇಕಾಗಿಲ್ಲ. ಇಲ್ಲಿ ಸಮುದ್ರ ದೂರವಾಯಿತು, ಸಿಕ್ಕಿದ್ದು ತಾಪಿ ನದಿ. ಮುಚ್ಚಿಹೋದ ಯಾವುದೋ ರೆಸಾರ್ಟಿನವರಿಂದ ಒಂದು ಹಳೆಯ ಕಯಾಕ್ ಕೊಂಡೆ. ಇಬ್ಬರು ಕೂರುವ ಉದ್ದನೆಯ ಪ್ಲಾಸ್ಟಿಕ್ ದೋಣಿ ಅದು. ಕಾಮ್ರೇಜ್ ಹತ್ತಿರ ಪರಿಚಯದವರೊಬ್ಬರ ತೋಟದಲ್ಲಿ ಇಟ್ಟಿದ್ದೇನೆ. ರಜೆ ಬಂದರೆ ಬೆಳಗ್ಗೆ ಎದ್ದು ಅಲ್ಲಿಗೆ ಹೋಗುತ್ತೇನೆ. ಹಿಡಿದ ಮೀನನ್ನು ನಮ್ಮ ಮನೆಗೆ ತರುವಂತಿಲ್ಲ, ಸೊಸೈಟಿಯಲ್ಲಿ ಮೊಟ್ಟೆ ಬೇಯಿಸಿದರೂ ನೋಟೀಸು ಅಂಟಿಸುತ್ತಾರೆ. ಆದ್ದರಿಂದ ಒಳ್ಳೆಯ ಮೀನು ಸಿಕ್ಕಿದರೆ ಐಸು ತುಂಬಿದ ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ವಡೋದರಾಕ್ಕೆ ಒಯ್ಯುತ್ತೇನೆ. ಅಲ್ಲಿ ರೈಲ್ವೆಯಲ್ಲಿರುವ ನನ್ನ ಭಾವಮೈದ ಅಮೃತನ ಕ್ವಾರ್ಟರ್ಸ್ ಇದೆ. ನಮ್ಮ ಅತ್ತೆ ಲಕ್ಷ್ಮಕ್ಕ ಮಗನ ಜೊತೆ ಅಲ್ಲಿಯೇ ಇರುವುದು.

ಅತ್ತೆಯ ಮನೆಯಲ್ಲಿ ಒಂದು ಪದ್ಧತಿ. ಮೀನು ಹಿಡಿದು ತಂದವನ ತಟ್ಟೆಗೇ ಮೀನಿನ ತಲೆ. ಮಾವ ಇದ್ದ ಕಾಲದಿಂದ ಹಾಗೆಯೇ ನಡೆದುಬಂದಿದೆ. ತಲೆ ಬಿದ್ದವನು ಅವತ್ತಿನ ಯಜಮಾನ.

ಹೋದ ವರ್ಷ ಮಹೇಶ ಸೂರತ್ತಿಗೆ ಬಂದಿದ್ದ. ಹಣೆಗೆ ಪಟ್ಟಿ ಕಟ್ಟಿ, ಅದಕ್ಕೊಂದು ದುಬಾರಿ ಕ್ಯಾಮೆರಾ ಸಿಕ್ಕಿಸಿಕೊಂಡು ನನ್ನ ದೋಣಿಯ ಹಿಂದಿನ ಸೀಟಿನಲ್ಲಿ ಕೂತ. ಅದಕ್ಕೂ ಮುಂಚೆ ಎಷ್ಟೋ ತಿಂಗಳು ಅವನು ಮೀನು ಮುಟ್ಟಿರಲಿಲ್ಲ. ಗುಜರಾತಿ ಸಹೋದ್ಯೋಗಿಗಳ ಸಹವಾಸದಿಂದ ಸಸ್ಯಾಹಾರದ ಶೋಕಿ ಹತ್ತಿದೆ ಎಂದುಕೊಂಡಿದ್ದೆ. ಆ ದಿನ ನನ್ನ ಗಾಳಕ್ಕೆ ದೊಡ್ಡ ಕಾಟ್ಲಾ ಮೀನು ಬಿತ್ತು. ದಾರ ಹಿಡಿದು ಒದ್ದಾಡಿದವನು ನಾನು, ಅಂಗೈ ಕೊಯ್ದುಕೊಂಡವನು ನಾನು. ಮೀನು ಪಕ್ಕಕ್ಕೆ ಬಂದಾಗ ಬಲೆಯ ಚೀಲ ಒಡ್ಡಿ ಎತ್ತಿದ್ದಷ್ಟೇ ಅವನು. ಆದರೆ ವೀಡಿಯೊದಲ್ಲಿ ಕಂಡದ್ದು ಏನು? ಅವನ ಎರಡು ಕೈ, ಚೀಲ, ಅದರೊಳಗೆ ಒದ್ದಾಡುವ ಮೀನು, ಅವನ ನಗು. ನಾನು ಬರೀ ಒಂದು ಬೆನ್ನು, ಒಂದು ಟೋಪಿ. ಕುಟುಂಬದ ಗ್ರೂಪಿನಲ್ಲಿ "ಮಹೇಶ್ ಭಾವ ಸೂಪರ್" ಎಂದು ಅಮೃತ ಹಾಕಿದ. ಅದರ ಹಿಂದೆ ಚಪ್ಪಾಳೆಗಳ ಸಾಲು. ಮಾರನೆಯ ದಿನ ವಡೋದರಾದಲ್ಲಿ ಊಟಕ್ಕೆ ಕೂತಾಗ ಅತ್ತೆ ತಲೆಯನ್ನು ಮಹೇಶನ ತಟ್ಟೆಗೆ ಹಾಕಿದರು. ನನಗೆ ಬಂದದ್ದು ಬಾಲದ ತುಂಡು. ಅದನ್ನು ನುಂಗಲು ಹೋಗಿ ಕೆಮ್ಮಿಬಿಟ್ಟೆ. ಮುಳ್ಳು ಸಿಕ್ಕಿತೆಂದು ಎಲ್ಲರೂ ಅನ್ನದ ಉಂಡೆ ಕೊಟ್ಟರು.

ಅವತ್ತೇ ನಿಶ್ಚಯಿಸಿದೆ, ನನಗೂ ಒಂದು ಕ್ಯಾಮೆರಾ ಬೇಕು.

"ಹ್ವಾಯ್, ಮಹೇಶಂಗೇ ಒಂದ್ ಮಾತ್ ಕೇಣಿ. ಅವ್ನಿಗೆ ಇದೆಲ್ಲ ಗೊತ್ತಿತ್ತಲೆ" ಎಂದಳು ಪ್ರೇಮಾ.

"ಅವ್ನ್ ಹತ್ರ ಕೇಂಬುದಕ್ಕಿಂತ ತಾಪಿಗೆ ಹಾರೂದ್ ಒಳ್ಳೇದ್" ಎಂದೆ.

ಅವನ ಕ್ಯಾಮೆರಾದ ಬೆಲೆಗೆ ನಾವು ಮನೆಯ ಹಳೇ ಫ್ರಿಜ್ಜು ಬದಲಾಯಿಸಬಹುದು. ನನಗೆ ಬೇಕಾದದ್ದು ಕಡಿಮೆಯದು, ಆದರೆ ನೀರಿಗೆ ಬಿದ್ದರೂ ಸಾಯದಂಥದ್ದು. ಬ್ಯಾಂಕು ಮುಗಿಸಿ ಅಂಗಡಿ ಅಂಗಡಿ ಸುತ್ತಿದೆ. ಕೊನೆಗೆ ನಮ್ಮ ಮನೆಯ ಹತ್ತಿರವೇ ಮಂದಾಕಿನಿಬೆನ್ ಎಂಬಾಕೆಯ ಅಂಗಡಿಗೆ ಹೋಗಿ ಕೂತೆ. ಯಾವುದಕ್ಕೆ ಎಂದು ಕೇಳಿದರು. ಮೀನು ಎಂದರೆ ಮುಖ ಸಿಂಡರಿಸಿಯಾರೆಂದು ದೋಣಿ ವಿಹಾರಕ್ಕೆ ಎಂದೆ.

ಆಕೆ ಮೂರು ತೆಗೆದಿಟ್ಟರು. ಮೊದಲನೆಯದು ಅತಿ ಅಗ್ಗ. ಅದಕ್ಕೊಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಆ ಡಬ್ಬಿಯೊಳಗೆ ಇಟ್ಟರೆ ಮಾತ್ರ ನೀರು ತಡೆಯುತ್ತದೆ. ಆದರೆ ಬಿಸಿಲಿಗೆ ಒಳಗೆ ಆವಿ ಕಟ್ಟುತ್ತದೆ, ಹಿಡಿದದ್ದು ಮೀನೋ ಚಪ್ಪಲಿಯೋ ತಿಳಿಯುವುದಿಲ್ಲ. ಡಬ್ಬಿಯೊಳಗಿಂದ ಧ್ವನಿಯೂ ಸರಿಯಾಗಿ ಕೇಳುವುದಿಲ್ಲವಂತೆ. ಎರಡನೆಯದು ಮಹೇಶನ ಹತ್ತಿರ ಇರುವಂಥದ್ದೇ, ಅದನ್ನು ನಾನು ಕಣ್ಣೆತ್ತಿಯೂ ನೋಡಲಿಲ್ಲ. ಮೂರನೆಯದರ ಮೈಯೇ ನೀರು ತಡೆಯುವಂಥದ್ದು, ಡಬ್ಬಿ ಬೇಕಿಲ್ಲ. ಕತ್ತಲಲ್ಲಿ ಚಿತ್ರ ಸ್ವಲ್ಪ ಮಂಕು, ಬ್ಯಾಟರಿ ಬೇಗ ಇಳಿಯುತ್ತದೆ. ನನಗೇನು, ನಾನು ಹಗಲಲ್ಲಿ ಮೀನು ಹಿಡಿಯುವವನು, ಬ್ಯಾಟರಿ ಇನ್ನೊಂದು ಇಟ್ಟುಕೊಂಡರಾಯಿತು.

"ಆ ಜುಓ ಸಾಹೇಬ್, ಇದು ನೋಡಿ" ಎಂದು ಆಕೆ ಅದನ್ನು ಗಾಜಿನ ಲೋಟದ ನೀರಿಗೆ ಮುಳುಗಿಸಿ ತೋರಿಸಿದರು. "ಧ್ವನಿಯೂ ಸ್ವಚ್ಛ. ನೀವು ಉಸಿರು ಬಿಟ್ಟರೂ ಕೇಳುತ್ತದೆ."

ಧ್ವನಿ ಯಾರಿಗೆ ಬೇಕಿತ್ತು? ನನಗೆ ಬೇಕಾಗಿದ್ದದ್ದು ನನ್ನ ಮುಖ. ಹಣೆಗೆ ಕಟ್ಟಿದರೆ ಮುಖ ಬರುವುದಿಲ್ಲ, ಎದೆಗೆ ಕಟ್ಟಿದರೆ ಬರೀ ಮೊಣಕಾಲು. ಆದ್ದರಿಂದ ದೋಣಿಯ ಮೂತಿಗೆ ಬಿಗಿಯುವ ಒಂದು ಕೋಲು ತೆಗೆದುಕೊಂಡೆ, ಕ್ಯಾಮೆರಾ ನನ್ನನ್ನೇ ನೋಡುತ್ತ ನಿಲ್ಲುವ ಹಾಗೆ. ಕೈತಪ್ಪಿ ಬಿದ್ದರೆ ತೇಲಲಿ ಎಂದು ಸ್ಪಂಜಿನ ಒಂದು ತುಂಡನ್ನೂ ಕಟ್ಟಿಸಿಕೊಂಡೆ. ಮನೆಗೆ ಬರುವಾಗ ನನ್ನ ಹೆಜ್ಜೆಯೇ ಬೇರೆಯಾಗಿತ್ತು.

ಆ ವಾರ ವಡೋದರಾದಲ್ಲಿ ಎಲ್ಲರೂ ಸೇರುವುದಿತ್ತು. ಪ್ರೇಮಾ ಅಡುಗೆಯ ಸಹಾಯಕ್ಕೆಂದು ಮುಂಚೆಯೇ ಹೋದಳು. ಶನಿವಾರ ಬೆಳಗ್ಗೆ ನಾನೊಬ್ಬನೇ ನದಿಗೆ ಇಳಿದೆ. ಕಡಲೆ ಹಿಂಡಿ ಕಲಸಿದ ಹಿಟ್ಟಿನ ಉಂಡೆ ಗಾಳಕ್ಕೆ ಸಿಕ್ಕಿಸಿ, ಎದುರಿನ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿದೆಯೇ ನೋಡಿ ಕೂತೆ.

ನನಗೊಂದು ಅಭ್ಯಾಸವಿದೆ. ಗುಜರಾತಿಗೆ ಬಂದ ಮೇಲೆ ಅಂಟಿಕೊಂಡದ್ದು. ಇಲ್ಲಿ ಯಾರಿಗೂ ಕನ್ನಡ ತಿಳಿಯುವುದಿಲ್ಲವಾದ್ದರಿಂದ ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಮ್ಯಾನೇಜರನ ಎದುರೇ ನಗುಮುಖದಿಂದ ಕುಂದಾಪುರದ ಬೈಗುಳ ಬೈದಿದ್ದೇನೆ, ಅವನು ಥ್ಯಾಂಕ್ಯೂ ಎಂದಿದ್ದಾನೆ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ತರಕಾರಿಯವನ ಮುಂದೆ, ಎಲ್ಲೆಡೆ ಹಾಗೆಯೇ. ನದಿಯ ನಡುವೆ ಕೇಳಬೇಕೇ? ಆ ದಿನ ಏನೇನು ಹೇಳಿದೆನೋ ನನಗೇ ನೆನಪಿಲ್ಲ. ಬಿಸಿಲೇರುವ ಹೊತ್ತಿಗೆ ದಾರ ಜಗ್ಗಿತು. ಹೋದ ವರ್ಷದ್ದಕ್ಕಿಂತ ದೊಡ್ಡ ಕಾಟ್ಲಾ. ಅದರ ತಲೆಯೇ ಒಂದು ತೆಂಗಿನಕಾಯಿಯಷ್ಟಿತ್ತು. ಎರಡೂ ಕೈಯಲ್ಲಿ ಎತ್ತಿ ಕ್ಯಾಮೆರಾಕ್ಕೆ ತೋರಿಸಿದೆ. ಆ ರಾತ್ರಿ ಮೀನನ್ನು ಐಸಿನ ಪೆಟ್ಟಿಗೆಯಲ್ಲಿ ತೋಟದಲ್ಲೇ ಬಿಟ್ಟೆ.

ವೀಡಿಯೊ ಕತ್ತರಿಸಿ ಜೋಡಿಸುವ ಕೆಲಸ ಮಗಳು ತನುಶ್ರೀಯದು. ಗುಜರಾತಿನಲ್ಲೇ ಬೆಳೆದ ಹುಡುಗಿ. ಅವಳಿಗೆ ಬರುವುದು ಊಟ, ನಿದ್ದೆ, ಶಾಲೆಯಷ್ಟು ಕನ್ನಡ. ನಮ್ಮೂರಿನ ಮಾತಂತೂ ಅವಳ ಕಿವಿಗೆ ಮಳೆ ಸುರಿದ ಹಾಗೆ. ಭಾನುವಾರ ಬೆಳಗ್ಗೆ ಸೂರತ್ ಸ್ಟೇಷನ್ನಿನಲ್ಲಿ ನಾನು ಐಸಿನ ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದಾಗ ಅವಳು ವೀಡಿಯೊವನ್ನು ಗ್ರೂಪಿಗೆ ಹಾಕಿದಳು.

"ಪಪ್ಪಾ, ಏಕ್‌ದಮ್ ಮಸ್ತ್ ಬಂದಿದೆ" ಎಂದಳು.

ರೈಲಿನಲ್ಲಿ ಜನ ಕಿಕ್ಕಿರಿದಿದ್ದರು. ಧ್ವನಿ ಮುಚ್ಚಿ ನೋಡಿದೆ. ಅಬ್ಬಾ! ಇಡೀ ಚಿತ್ರದಲ್ಲಿ ನಾನೇ. ನನ್ನ ಮುಖ, ನನ್ನ ಬೆವರು, ನನ್ನ ಕೈಯಲ್ಲಿ ಮೀನು. ಎಲ್ಲರೂ ನೋಡಿದ್ದಾರೆಂದು ಗ್ರೂಪು ತೋರಿಸುತ್ತಿತ್ತು, ಆದರೆ ಒಬ್ಬರೂ ಉತ್ತರ ಹಾಕಿರಲಿಲ್ಲ. ಸುಪ್ರಭಾತಕ್ಕೂ ಹೆಬ್ಬೆರಳು ಒತ್ತುವ ಮಹೇಶನೂ ಸುಮ್ಮನಿದ್ದ. ಉರಿಯಲಿ ಎಂದುಕೊಂಡೆ. ಹೋದ ವರ್ಷ ನನಗೆ ಉರಿದ ಹಾಗೆ ಈಗ ಅವನಿಗೂ ಉರಿಯಲಿ. ಪ್ರೇಮಾ ಮತ್ತೆ ಮತ್ತೆ ಫೋನ್ ಮಾಡಿದಳು. ಹೇಗಿದ್ದರೂ ಬರುತ್ತಿದ್ದೇವಲ್ಲ ಎಂದು ನಾನು ಎತ್ತಲಿಲ್ಲ. ಭರೂಚ್ ದಾಟುವವರೆಗೂ ಆ ವೀಡಿಯೊವನ್ನು ತಿರುಗಿಸಿ ತಿರುಗಿಸಿ ನೋಡಿದೆ.

ಕ್ವಾರ್ಟರ್ಸಿನ ಬಾಗಿಲು ತೆಗೆದವನು ಮಹೇಶ. "ಬನ್ನಿ ಭಾವ" ಎಂದು ಪೆಟ್ಟಿಗೆ ಇಸಿದುಕೊಂಡು, ನನ್ನ ಮುಖ ನೋಡದೆ ಒಳಗೆ ಹೋದ. ವೇದಾ ತಲೆ ತಗ್ಗಿಸಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅಮೃತ ಟಿವಿ ಆರಿಸಿದ. ಪ್ರೇಮಾ ನನ್ನನ್ನು ಕೈಹಿಡಿದು ಹಿಂದಿನ ಬಾಲ್ಕನಿಗೆ ಎಳೆದಳು.

"ನಿಮಗ್ ಮಂಡೆ ಸಮ ಇತ್ತಾ? ಕೇಣಿ ಇದನ್!"

ಅವಳ ಫೋನಿನಿಂದ ನನ್ನದೇ ಧ್ವನಿ ಬಂತು. ಆ ಅಂಗಡಿಯಾಕೆ ಸುಳ್ಳು ಹೇಳಿರಲಿಲ್ಲ, ಉಸಿರು ಬಿಟ್ಟದ್ದೂ ಕೇಳುತ್ತಿತ್ತು.

"ಮಹೇಶ ಅಂಬ್ರ್, ವಿಜ್ಞಾನಿ ಅಂಬ್ರ್! ಗಾಳಕ್ಕೆ ಹಿಟ್ಟ್ ಸಿಕ್ಸೂಕ್ ಬಪ್ಪುದಿಲ್ಲ ಅವ್ನಿಗೆ. ಕೈ ಒಡ್ಡೂದ್, ತಲೆ ತಿಂಬುದ್. ಅತ್ತೆಗಾರೂ ಕಣ್ಣ್ ಬ್ಯಾಡ್ದಾ? ಎತ್ತರ ಇದ್ದವ್ನ್ ಕಂಡ್ರೆ ಸಾಕ್ ಅವ್ರಿಗೆ." ಸ್ವಲ್ಪ ಹೊತ್ತು ಬರೀ ನೀರಿನ ಸದ್ದು. ಆಮೇಲೆ ಮೀನು ಎತ್ತಿ ಹಿಡಿದು, ಅದರ ಮುಖಕ್ಕೆ ಮುಖ ತಂದು, ನಡುಗುವ ಧ್ವನಿಯಲ್ಲಿ: "ಒಂದ್ ಸಲ. ಚಂದ್ರಕಾಂತನೇ ಹಿಡ್ದದ್ ಅಂತ ಒಂದೇ ಸಲ ಅತ್ತೆ ಹೇಳ್ಲಿ. ನಂಗ್ ಬೇರೆ ಎಂತದೂ ಬ್ಯಾಡ."

ಫೋನ್ ಕಸಿದುಕೊಂಡು ಆರಿಸಿದೆ. ಹಿಂದೆ ತನುಶ್ರೀ ಬಂದು ನಿಂತಿದ್ದಳು.

"ಪಪ್ಪಾ, ಏನಾಯ್ತು? ನೀವು ಫಿಶ್ ಜೊತೆ ಅಷ್ಟು ಪ್ಯಾರ್‌ಸೇ ಮಾತಾಡ್ತಿದ್ರಿ, ಕಾಮೆಂಟ್ರಿ ಅಂತ ಇಟ್ಟೆ" ಎಂದಳು.

ಊಟಕ್ಕೆ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತರು. ನನ್ನ ಪಕ್ಕಕ್ಕೇ ಮಹೇಶ. ಅತ್ತೆ ಅನ್ನ ಹಾಕಿ ಹೋದರು, ಮತ್ತೆ ಮೀನಿನ ಸಾರಿನ ಪಾತ್ರೆ ತಂದರು. ಮಹೇಶನನ್ನು ದಾಟಿ ಬಂದು, ದೊಡ್ಡ ಸೌಟಿನಲ್ಲಿ ತಲೆಯನ್ನು ಎತ್ತಿ ನನ್ನ ತಟ್ಟೆಗೆ ಇಳಿಸಿದರು.

"ಉಣ್ಣಿ. ನೀವೇ ಹಿಡ್ದದ್. ಕಂಡೆ. ಕೇಂಡೆ ಸಹ."

ನಾನು ಅನ್ನ ಕಲಸುತ್ತಲೇ ಇದ್ದೆ.

"ಹ್ವಾದ್ ವರ್ಷವೂ ನೀವೇ ಹಿಡ್ದದ್ ಅಂತ ನಂಗ್ ಗೊತ್ತಿತ್. ಮಹೇಶ ಬಾಗ್ಲಲ್ಲೇ ಹೇಳಿದ್ದ, ಭಾವಂದೇ ಮೀನು, ನಾನ್ ಎತ್ತದ್ ಮಾತ್ರ ಅಂತ." ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಅವ ತಾಯಿ ವರ್ಷದ ಕಾರ್ಯ ಮುಗ್ಸ್ಕಂಡ್ ಬಂದಿದ್ದ. ವರ್ಷ ಇಡೀ ಮೀನ್ ಮುಟ್ಟಿರ್ಲಿಲ್ಲ. ಮತ್ತೆ ಮೀನ್ ಉಂಬ್ ದಿವ್ಸ ತಾಯಿ ಜಾಗ್ದಲ್ ನಿಂತ್ ಯಾರಾರೂ ಬಡ್ಸ್ಕಲ್ದಾ? ಅದ್ಕೇ ತಲೆ ಅವ್ನಿಗ್ ಹಾಕ್ದೆ. ನೀವ್ ಊರವ್ರೇ, ನಿಮಗ್ ತಿಳಿತ್ ಅಂದ್ಕಂಡಿದ್ದೆ."

ತಿಳಿಯಬೇಕಿತ್ತು. ನಮ್ಮ ಕಡೆ ಸಣ್ಣ ಮಕ್ಕಳಿಗೂ ತಿಳಿದ ಸಂಗತಿ ಅದು. ಅವನ ತಾಯಿ ಹೋದಾಗ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಿದ್ದೆ, ಆಮೇಲೆ ಅವನು ಮೀನು ಬಿಟ್ಟದ್ದನ್ನು ಶೋಕಿ ಎಂದಿದ್ದೆ.

"ತಿನ್ನಿ ಭಾವ, ಆರಿ ಹೋತ್" ಎಂದ ಮಹೇಶ ಮೆಲ್ಲಗೆ.

ಕೈ ಹಾಕಿದೆ. ಕಣ್ಣಿನ ಸುತ್ತಲ ಮೆತ್ತನೆಯ ಭಾಗ ಬಿಡಿಸಿ ಬಾಯಿಗಿಟ್ಟೆ. ಹುಳಿ, ಖಾರ, ಕೊತ್ತಂಬರಿ ಎಲ್ಲವೂ ಹದವಾಗಿತ್ತು. ನನಗೆ ಮಾತ್ರ ರುಚಿ ಹತ್ತಲಿಲ್ಲ. ಕ್ಷಮಿಸಿ ಎಂದು ಹೇಳಬೇಕೆಂದುಕೊಂಡೆ, ಯಾರಿಗೆ ಮೊದಲು ಹೇಳುವುದೆಂದು ತೋಚಲಿಲ್ಲ.

ಅಷ್ಟರಲ್ಲಿ ಅತ್ತೆ ಮಹೇಶನ ಮುಂದೆ ಬಗ್ಗಿ ಬಾಲದ ತುಂಡು ಹಾಕಿದರು. ಎಡಗೈಯನ್ನು ಅವನ ಭುಜದ ಮೇಲೆ ಇಟ್ಟರು.

"ಸಾಕಾ ಮಗಾ? ಇನ್ನೊಂಚೂರ್ ಸಾರ್ ಹಾಕ್ಲಾ?"

ಮಗಾ. ಅವನಿಗಿಂತ ಎಷ್ಟೋ ವರ್ಷ ಮೊದಲೇ ನಾನು ಆ ಮನೆಯ ಅಳಿಯನಾದವನು, ನನ್ನನ್ನು ಅವರು ಒಮ್ಮೆಯೂ ಹಾಗೆ ಕರೆದಿಲ್ಲ. ನನ್ನ ಸ್ವಂತ ತಾಯಿ ಗಂಗೊಳ್ಳಿಯಲ್ಲಿ ಗಟ್ಟಿಮುಟ್ಟಾಗಿದ್ದಾರೆ, ದಿನಾ ಫೋನಿನಲ್ಲಿ ಬೈಯುತ್ತಾರೆ. ತಾಯಿಯಿಲ್ಲದವನಿಗೆ ಸಿಕ್ಕಿದ ಒಂದು ಮಾತಿಗೆ ನಾನು ಆಸೆಪಡಬಾರದು. ಅದು ನನಗೆ ಗೊತ್ತು.

ಮೀನಿನ ತಲೆ ನನ್ನ ತಟ್ಟೆಯಲ್ಲಿತ್ತು. ನಾನು ಅವನ ತಟ್ಟೆಯನ್ನೇ ನೋಡುತ್ತಿದ್ದೆ.